ಸರ್ಜಾನ ಅಳತಿ

…ಈಗಿಂದೀಗ ತಗೋಬೇಕೇನ್ರಿ ಅಳತಿ? ಅಲ್ರಿ ಡಾಕ್ಟರಬಾಯಾರ, ಬಂದು ಇನ್ನಾ ಕಾಲಾಗಿನ ಚಪ್ಪಲಿ ಸುದ್ದಾ ಕಳದಿಲ್ಲ, ಕೈಯಾಗ ಟೇಪ್ ಹಿಡದು ನಿಂತೇ ಬಿಟ್ರಲ್ಲ! ಕುಂದರ್ರಿ. ಈ ಕಟ್ಟಿ ಮ್ಯಾಲ ಕುಂದರ್ರಿ, ಇಲ್ಲಿ ನೆರಳ ಐತಿ. ಹೋರಿ ಎಲ್ಲಿ ಓಡಿ ಹೋಗತೈತಿ? ಆರು ವರ್ಷದಿಂದ ಇದ ದನದ ಮನ್ಯಾಗ ಐತಿ, ಇನ್ನ ಅರ್ಧ ತಾಸು ಇರೂದಿಲ್ಲೇನು? ಬೈಲಹೊಂಗಲದಿಂದ ಈ ರಣಬಿಸಲಾಗ ಗಾಡಿ ಹೊಡಕೊಂಡು ಬಂದೀರಿ, ಮಾರಿ ಎಲ್ಲಾ ಕೆಂಪಗಾಗೈತಿ. ಮೊದಲ ನೀರು ಕುಡೀರಿ. ಸುಂದರವ್ವಾ! ಏ ಸುಂದರವ್ವಾ! ದನದ ದವಾಖಾನಿ ಪ್ರಜ್ಞಾಬಾಯಾರು ಬಂದಾರ! ನೀರು ತಾ, ಚಾಕ್ಕ ಇಡು!

ಕೇಳಿಸಿರಬೇಕು. ಬರತಾಳ. ನನ್ನ ಹೇಂತಿಗೆ ಹಲ್ಲು ನೋವ್ರಿ, ಮಾತಾಡಾಕ ಬರೂದಿಲ್ಲ. ಎಷ್ಟ ದಿನದಿಂದ ಅಂದ್ರ… ಒಂದ ತಿಂಗಳಾತೇನೊ. ಹಂ? ತಿಂಗಳಗಟ್ಟಲೆ ಹಲ್ಲು ನೋವು ಇರೂದಿಲ್ಲ ಅಂತೀರೇನು? ಇರತೈತ್ರಿ, ಕೆಲವ್ರಿಗೆ ಇರತೈತಿ. ನೀವು ದನದ ಡಾಕ್ಟರು, ನಿಮಗದು ಗೊತ್ತಾಗೂದಿಲ್ಲ ಬಿಡ್ರಿ.

ಹಾಂ, ಬರಕೋರಿ. ನಾ ಹೇಳತೇನಿ, ನೀವು ಕುಂತಲ್ಲೇ ಬರಕೋರಿ. ಹೋರಿ ಹೆಸರು ಸರ್ಜಾ. ಜಾತಿ ಕಿಲಾರಿ. ಬಣ್ಣ ಬಿಳಿ. ವಯಸ್ಸು ಆರು. ಸಾಕಿದವ ನಿಜಗುಣಪ್ಪ, ದೊಡವಾಡ, ಹೊಲ ಎರಡೆಕರೆ. ಸರ್ಕಾರದಿಂದ ಬೀಜದ ಹೋರಿಗೆ ಅಂತ ತಿಂಗಳಾ ಹಿಂಡಿ ಬರತೈತಿ, ಬರೋಬರಿ ಮುಟ್ಟೈತಿ, ಸೈ ಮಾಡತೇನಿ. ಕೆಳಗ ಹಾಸಾಕ ರಬ್ಬರಿನ ಹಾಸಿಗಿ ಕೊಟ್ಟೀರಿ, ಅದೂ ಐತಿ. ಬಾಗಲಕ್ಕ ಬೋರ್ಡ್ ಐತಿ, ಬರೂಮುಂದ ನೋಡೀರಲ್ಲ? ನಂದು ಸಣ್ಣ ಅಕ್ಷರದಾಗ, ಸರ್ಜಾಂದು ದೊಡ್ಡ ಅಕ್ಷರದಾಗ. ಅಳತಿ… ಅಳತಿ ಹ್ವಾದ ವರ್ಷದ್ದ ಬರಕೋರಿ. ಬೆಳದ ಹೋರಿ, ಇನ್ನೇನ್ ಹೊಸಾದಾಗಿ ಬೆಳೀತೈತಿ? ಯಾಕ ನಗತೀರಿ?

ಬೇಕಾದ್ರ ಕೊಂಬು ಅಳೀರಿ. ಎದಿ ಸುತ್ತಳತಿ ತಗೋರಿ, ಮುಂದಿನಿಂದ ಬಂದು ತಗೋರಿ, ನಾ ಹಗ್ಗ ಹಿಡೀತೇನಿ. ಏನಂದ್ರಿ? …ಅಯ್ಯ, ಅದನ್ನ ಯಾಕ ಅಳೀತೀರಿ! ಬಿಡ್ರಿ ಬಾಯಾರ. ನೀವು ಹೆಣ್ಮಗಳು, ನನ್ನ ಮಗಳ ವಾರಿಗಿ. ನಿಮ್ಮನ್ನ ಹೋರಿ ಹಿಂದ ನಿಂದರಿಸಿ ಹಚ್ಚರಿ ಟೇಪು ಅನ್ನಾಕ ನನಗ ನಾಚಿಕಿ ಬರೂದಿಲ್ಲೇನು? ಓಣಿ ಮಂದಿ ಏನಂದಾರು? ನಗಬ್ಯಾಡ್ರಿ, ಖರೇ ಹೇಳಾಕತ್ತೇನಿ. ಐದು ವರ್ಷ ಸಾಲಿ ಕಲತದ್ದ ಇದಕ್ಕ ಅಂತೀರಿ, ಹೌದು. ಹ್ವಾದ ವರ್ಷಾನೂ ನೀವ ಅಳದಿದ್ರಿ, ಅದೂ ಹೌದು. ಆವಾಗ ನಾಚಲಿಲ್ಲ, ಈಗ್ಯಾಕ ಅಂದ್ರ… ಆವಾಗೂ ನಾಚಿದ್ದೆ. ತೋರಸಲಿಲ್ಲ, ಅಷ್ಟ.

ಕುಂದರ್ರಿ, ಕುಂದರ್ರಿ. ಚಾ ಬರ್ಲಿ.

ಜೂಲಾ? ಹೌದ್ರಿ, ಮೈ ತುಂಬ ಜೂಲಾ ಹೊಚ್ಚೇನಿ. ಈ ಸೆಖ್ಯಾಗ ಯಾಕ ಅಂತೀರಿ… ನೊಣಾ ಬಾಯಾರ, ನೊಣಾ! ಹೊಟ್ಟಿ ಕೆಳಗ, ತೊಡಿ ಹಿಂದ, ಎಲ್ಲಾ ಕಡೆ ಮುತ್ತತಾವ. ಅದಕ್ಕ ಹಿಂದಿನ ಬಾಜು ಗ್ವಾಡಿಗೆ ಹಚ್ಚಿ ಕಟ್ಟೇನಿ. ಮಂದೀದು ದೃಷ್ಟಿ ಬ್ಯಾರೆ ಆಗತೈತಿ. ನಿಮ್ಮ ದೃಷ್ಟಿ ಅಲ್ರಿ! ನಿಮ್ಮನ್ನ ಅನಲಿಲ್ಲ. ನೀವು ಮನಿ ಮಗಳಿದ್ದಂಗ.

ಯಾರು ಹೇಳಿದ್ರು? ಬೆದಿಗೆ ಬಂದ ಆಕಳಾ ಹೊಳ್ಳಿ ಕಳಿಸೇನಿ ಅಂತ ಯಾರು ಹೇಳಿದ್ರು ನಿಮಗ? ನಮ್ಮ ಓಣಿ ಶಂಕ್ರೆಪ್ಪ ಹೇಳಿರಬೇಕು. ಆತಗ ಬ್ಯಾರೆ ಉದ್ಯೋಗಿಲ್ಲ. ಬಾಯಾರ, ಹೋರಿ ಅಂದ್ರ ಮಷೀನು ಅಲ್ಲ. ಕಾಲು ನೋಯ್ತೈತಿ ಅದರದು, ಹಿಂದಿನ ಎಡಗಾಲು. ಇಲ್ಲ, ಬಲಗಾಲು. ಜರಾ ವಿಶ್ರಾಂತಿ ಇರ್ಲಿ ಅಂತ ನಾಕ ಮಂದೀನ ಹೊಳ್ಳಿ ಕಳಿಸೇನಿ. ಒಬ್ಬಾವ ಹೂಲಿಯಿಂದ ನಡಸಿಕೊಂಡ ಬಂದಿದ್ದ, ಆತನ್ನೂ ಕಳಿಸಿದೆ… ಕಾಲು ನೋಡತೀರೇನು? ಬ್ಯಾಡ್ರಿ, ಈಗ ಕಡಿಮಿ ಆಗೈತಿ. ಪೂರಾ ಕಡಿಮಿ ಆಗೈತಿ!

ನಾ ಎದ್ದು ಕುಂತು ಮಾಡತೇನಿ ಅಂತ ಹಂಗ್ಯಾಕ ನೋಡತೀರಿ? ನನಗ ಒಂದ ಕಡೆ ಕುಂದರಾಕ ಆಗೂದಿಲ್ರಿ. ಸಣ್ಣಾಂವ ಇದ್ದಾಗಿಂದ ಹಿಂಗ.

ನಿಮಗ ಒಂದ ಮಾತು ಹೇಳತೇನಿ. ಈ ಹೋರಿ ಬರೂಕಿಂತ ಮೊದಲ ನನ್ನ ಯಾರೂ ಕೇಳತಿದ್ದಿಲ್ಲ. ಎರಡೆಕರೆದಾಂವ, ಬಸ್ಸಿನ್ಯಾಗ ಯಾರೂ ಜಾಗಾ ಬಿಟ್ಟು ಕೊಡತಿದ್ದಿಲ್ಲ. ಈಗ? ಕಿತ್ತೂರಿಂದ ಬರತಾರ, ಸವದತ್ತಿ ಕಡೆಯಿಂದ ಬರತಾರ, ಬಸ್‌ಸ್ಟ್ಯಾಂಡಿನ್ಯಾಗ ಇಳದು ಏನಂತ ಕೇಳತಾರ ಗೊತ್ತೇನು? 'ಹೋರಿ ನಿಜಗುಣಪ್ಪಾರ ಮನಿ ಎಲ್ಲಿ?' ಅಂತ! ಹೋರಿ ನಿಜಗುಣಪ್ಪ! ಮೊದಲ ನನ್ನ ಹೆಸರಿನ ಮುಂದ ಏನೂ ಇರಲಿಲ್ಲ. ಮತ್ತ ನಾ ಯಾರ ಕಡೇನೂ ಏನೂ ತಗೊಂಡಿಲ್ಲ. ಆಕಳಾ ತಂದವ್ರು ಸರ್ಜಾಗ ಒಂದ ಸೇರು ಕಡ್ಲಿ, ಒಂದ ಹೆಂಟಿ ಬೆಲ್ಲ ತರಬೇಕು. ಕರು ಹುಟ್ಟಿದ ಮ್ಯಾಲ ಮೊದಲನೇ ಗಿಣ್ಣ ನಮ್ಮ ಮನಿಗೆ ಬರಬೇಕು. ಅದ ರಿವಾಜು. ಬೀಗರ ಮನಿಗೆ ಕೊಟ್ಟಂಗ ಕೊಡತಾರ್ರಿ! ಕಿತ್ತೂರಿನಾಂವ ಒಬ್ಬ ಡಬ್ಬಿ ತುಂಬ ಗಿಣ್ಣ ಬಸ್ಸಿನ್ಯಾಗ ತೊಡಿ ಮ್ಯಾಲ ಇಟ್ಕೊಂಡ ಬಂದಿದ್ದ. ಸುಂದರವ್ವ ಅದನ್ನ ಓಣಿ ತುಂಬ ಹಂಚತಿದ್ಲು, 'ನಮ್ಮ ಸರ್ಜಾನ ಮೊಮ್ಮಗ ಹುಟ್ಟ್ಯಾನ' ಅಂತ. ಮೊಮ್ಮಗ ಅಲ್ಲ ಮಗ ಅಂತ ಹೇಳಿದ್ರ ನನಗ ಬೈತಿದ್ಲು.

ಆಕಿನ ಜ್ವಾಪಾನ ಮಾಡಿದ್ದು ಅದನ್ನ. ಹುಟ್ಟಿದ ಮೂರನೇ ದಿನಕ್ಕ ತಾಯಿ ಸತ್ತಿತು. ಸುಂದರವ್ವ ಚರಿಗಿ ಹಿಡಕೊಂಡ ಮನಿಮನಿ ಅಡ್ಡ್ಯಾಡಿ ಹಾಲು ತಂದು, ಕೈಬಟ್ಟ ಅದ್ದಿ ಅದ್ದಿ ಬಾಯಾಗ ಇಟ್ಟು ಬದುಕಿಸಿದ್ಲು. ಅದಕ್ಕ ಆಕಿ… ಹೂಂ, ಬಂದ್ಲು ನೋಡ್ರಿ. ತಗೋರಿ ಚಾ. ಒಂದ ಕಪ್ಪು? ನನಗ? ಏ, ನನಗ ಚಾ ತರಲಿಲ್ಲೇನು? …ಹ್ವಾದ್ಲು. ನೋಡಿದ್ರಿ, ಹಲ್ಲು ನೋವು ಎಷ್ಟ ಐತಿ ಅಂತ. ನೀವು ಕುಡೀರಿ, ನಂದು ಆಗೈತಿ.

ಹಂಗ್ಯಾಕ ಆಕಿ ಹ್ವಾದ ಕಡೆ ನೋಡತೀರಿ? ಚಾ ಆರತೈತಿ.

ಬಾಯಾರ, ಒಂದ ಕೇಳತೇನಿ, ಸಿಟ್ಟಾಗಬ್ಯಾಡ್ರಿ. ಎರಡ ತಿಂಗಳದ ಹಿಂದ ಹೋರಿ ಸಾಕಿದವ್ರ ಮೀಟಿಂಗಿಗೆ ಒಬ್ಬ ದೊಡ್ಡ ಸಾಹೇಬ್ರು ಬಂದಿದ್ರಲ್ಲ, ಅವ್ರು ಹಂಗ್ಯಾಕ ಅಂದ್ರು? 'ಮೂರು ವರ್ಷ ಆತು, ಈಗ ಈ ಹೋರೀವು ಹೆಣ್ಣುಗರಾನೂ ಬೆದಿಗೆ ಬರತಾವ, ತನ್ನ ಮಕ್ಕಳಿಗೆ ತಾನ ಹೋರಿ ಆಗಬಾರ್ದು, ಅದಕ್ಕ ಹೋರಿ ಊರು ಬದಲಿ ಮಾಡಬೇಕು' ಅಂತ. ತಪ್ಪು ಅಂತ ಅನ್ನೂದಿಲ್ಲ. ಅದು ಸರಿ, ನನಗೂ ತಿಳೀತೈತಿ. ಆದ್ರ ಅವ್ರು ಅಂದದ್ದ ತಡಾ, ರಾಮದುರ್ಗದ ಅಂದಾನೆಪ್ಪ ಎದ್ದು ನಿಂತ. 'ನಾ ಒಯ್ಯತೇನ್ರಿ. ಬಾಜಾ ಬಜಂತ್ರಿ ಹಚ್ಚಿ ಮೆರಸಿಕೋತ ಒಯ್ಯತೇನಿ' ಅಂದ! ಮಂದಿ ಚಪ್ಪಾಳಿ ಹೊಡದ್ರು. ನಾನೂ ಹೊಡದೆ. ಎಲ್ಲಾರೂ ಹೊಡ್ಯಾಕತ್ತಾಗ ನಾ ಒಬ್ಬಾವ ಸುಮ್ನ ಕುಂದರಾಕ ಆಗತೈತೇನು?

ಮುಂದ ಎಂಟ ದಿನಕ್ಕ ಇಲ್ಲೇ ಬಂದಿದ್ದ. ಜೀಪಿನ್ಯಾಗ. ಹೇಳಲಿಲ್ಲ ಕೇಳಲಿಲ್ಲ, ಸೀದಾ ದನದ ಮನ್ಯಾಗ ಹೋಗಿ ಸರ್ಜಾನ ಡುಬ್ಬದ ಮ್ಯಾಲ ಕೈ ಆಡಿಸಿದ. ಈ ಮಂಗ್ಯಾನಂತಾ ಹೋರಿ, ಬ್ಯಾರೆ ಯಾರರ ಮುಟ್ಟಿದ್ರ ಕೊಂಬು ಬೀಸತೈತಿ, ಆತನ ಕೈ ನೆಕ್ಕಾಕತ್ತಿತು! 'ನಮ್ಮಲ್ಲಿ ನೆಲಕ್ಕ ಫರಸಿ ಹಾಕಿಸೇನಿ, ಫ್ಯಾನ್ ಐತಿ' ಅಂದ. ಅದಕ್ಕ ಯಾಕ ಬೇಕ್ರಿ ಫ್ಯಾನು?

ಏನ್ರಿ ಅದು? ಕಾಗದ? ಒಯ್ಯೂದು ಬಂತೇನು? ಬಂತಲ್ಲ… ಗೊತ್ತಿತ್ತು ನನಗ. ಅಲ್ಲಾ? ನಾನ ಓದಲೇನು? ತಡೀರಿ, ನನ್ನ ಚಾಳೀಸ… ಕಿಸೇದಾಗ ಐತಿ. ಹಾಂ. 'ವಿಷಯ: ಕಿಲಾರಿ ತಳಿಯ ಬೀಜದ ಹೋರಿಯನ್ನು ಹಾಲಿ ಪಾಲಕರ ಬಳಿಯೇ ಮುಂದುವರಿಸುವ ಬಗ್ಗೆ…' ಮುಂದುವರಿಸುವ? 'ಸುತ್ತಲಿನ ಗ್ರಾಮಗಳಲ್ಲಿ ಈ ತಳಿಯ ಬೇರೆ ಹೋರಿ ಲಭ್ಯವಿಲ್ಲದ ಕಾರಣ… ಅದರ ಹೆಣ್ಣು ಸಂತತಿಗೆ ಕೃತಕ ಗರ್ಭಧಾರಣೆ ಮಾಡಿಸಿ… ಸದರಿ ಹೋರಿಯನ್ನು ಜೀವಿತಾವಧಿಯವರೆಗೆ ದೊಡವಾಡ ಗ್ರಾಮದ ನಿಜಗುಣಪ್ಪ ಇವರಲ್ಲಿಯೇ…'

ಜೀವಿತಾವಧಿ ಅಂದ್ರ? ಸಾಯೋತನಕ?

ಅಂದ್ರ ಒಯ್ಯೂದಿಲ್ಲ. ಅಂದಾನೆಪ್ಪ ಒಯ್ಯೂದಿಲ್ಲ. ಇಲ್ಲೇ ಇರತೈತಿ.

ಹೂಂ. ಕೇಳಿಸ್ತು ಬಾಯಾರ. ಖುಷಿ… ಖುಷಿ ಆಗೈತ್ರಿ. ಯಾಕ ಆಗೂದಿಲ್ಲ? ಮಾರಿ ಹಿಂಗ್ಯಾಕ ಆಗೈತಿ ಅಂದ್ರ, ಬಿಸಲು. ನೀವ ಬರದು ಕಳಿಸಿದ್ರೇನು ಮ್ಯಾಲಿನವ್ರಿಗೆ? ನನ್ನ ಸಂಬಂಧ? ಯಾಕ ಬರದ್ರಿ ಬಾಯಾರ… ಅಲ್ಲಲ್ಲ, ಚಲೋ ಮಾಡಿದ್ರಿ. ಭಾಳ ಚಲೋ ಮಾಡಿದ್ರಿ. ಯಾವತ್ತ ಬಂತಿದು? ಹ್ವಾದ ತಿಂಗಳನ? ಫೋನ್ ಮಾಡಿದ್ರಿ… ಎತ್ತಲಿಲ್ಲ. ಮಂಗಳವಾರ? ಬರೋಬರಿ ನೆನಪೈತೇನ್ರಿ ನಿಮಗ, ಮಂಗಳವಾರನ? ಮುಂಜಾನಿ?

ಕೆಳಗ ಇನ್ನೊಂದ ಸಾಲು ಐತಿ. 'ಅಳತೆ ಮತ್ತು ಆರೋಗ್ಯ ಪರೀಕ್ಷೆಗೆ ಒಳಪಟ್ಟು.' ಇದಕ್ಕ ಬಂದೀರಿ ಟೇಪ್ ತಗೊಂಡು. ತಿಳೀತು. ಇವತ್ತ ಬ್ಯಾಡ ಬಾಯಾರ. ಮುಂದಿನ ವಾರ ಬರ್ರಿ. ಇಲ್ಲಾ ನಾನ ಬರತೇನಿ ದವಾಖಾನಿಗೆ. ಬ್ಯಾಡ, ಏಳಬ್ಯಾಡ್ರಿ! ಚಾ ಅರ್ಧಾ ಬಿಟ್ರಿ…

ಯಾರು? ಯಾರಪಾ ಬಾಗಲ ಬಡ್ಯಾವ್ರು? …ಶಂಕ್ರೆಪ್ಪ! ಆಕಳಾ ಹೊಡಕೊಂಡ ಬಂದಾನ ನೋಡ್ರಿ. ಹೊತ್ತು ಗೊತ್ತು ಏನೂ ಇಲ್ಲ ಇವಂಗ. ಏ ಶಂಕ್ರೆಪ್ಪಾ, ತಡಿ! ಬಾಗಲಾ ತಗಿಬ್ಯಾಡ! ಮನ್ಯಾಗ ಡಾಕ್ಟರು ಅದಾರ! ಅದು ಒದರಾಕತ್ತೈತಿ ಬ್ಯಾರೆ. ಭಾರಿ ಬೆದಿಗೆ ಬಂದೈತಿ…

ಓಹೋಹೋ! ನೋಡ್ರಿ ಸರ್ಜಾನ್ನ! ಕೇಳಿಸ್ತು ಅದಕ್ಕ! ಹೆಂಗ ಗುಟುರು ಹಾಕತೈತಿ ನೋಡ್ರಿ, ಗೂಟಾ ಕೀಳತೈತಿ ಈಗ! ಇದಕ್ಕಿಂತ ಬ್ಯಾರೆ ಪರೀಕ್ಷಾ ಬೇಕೇನ್ರಿ? ಬರಕೋರಿ, 'ಹೋರಿ ಆರೋಗ್ಯ ಐತಿ' ಅಂತ ಬರಕೋರಿ! ಹೋ, ಹೋ ಸರ್ಜಾ… ಸರ್ಜಾ, ಆ ಕಡೆ ಹೊಳ್ಳಬ್ಯಾಡ… ಬಾಯಾರ, ನೀವು ಹಿಂದ ಬರಬ್ಯಾಡ್ರಿ! ಒದೀತೈತಿ! ಜೂಲಾ ಹಂಗ ಇರ್ಲಿ, ಎತ್ತಬ್ಯಾಡ್ರಿ. ಬಾಯಾರ, ಕೈ ಮುಗೀತೇನಿ…

ಬಾಯಾರ?

ಟೇಪ್ ಯಾಕ ಸುತ್ತಿದ್ರಿ? ಅಳೀಲೇ ಇಲ್ಲಲ್ಲ. ಚೀಲದಾಗ ಯಾಕ ಇಟ್ರಿ?

ಏನರ ಅನ್ರಿ. ಬೈರಿ. ಬೈದ್ರ ನಡೀತೈತಿ. ಹಿಂಗ ನೋಡಿಕೋತ ನಿಂದರಬ್ಯಾಡ್ರಿ, ಆಕಿನೂ ಹಿಂಗ ನೋಡತಾಳ, ತಿಂಗಳಾತು, ಒಂದ ಮಾತ ಆಡಿಲ್ಲ. ಆಕಿಗೆ ಯಾವ ಹಲ್ಲು ನೋವೂ ಇಲ್ಲ.

ಮಡಿವಾಳೆಪ್ಪನ ಕರಸಿದೆ. ಎತ್ತು ಮಾಡಾಕ ಹೋರಿಗಳ ಬೀಜಾ ಒಡೀತಾನಲ್ಲ, ಅಂವನ್ನ. ಚಿಮಟಾ ತಗೊಂಡು ಸೋಮವಾರ ಬಂದಿದ್ದ. ಸೋಮವಾರ ಬಸವಣ್ಣನ ದಿನ, ನಾವು ಎತ್ತಿನ ಹೆಗಲ ಮ್ಯಾಲ ನೊಗಾ ಸುದ್ದಾ ಇಡೂದಿಲ್ಲ, ನಾಳೆ ಬಾ ಅಂದೆ. ನೋಡ್ರಿ ನನ್ನ ಭಕ್ತಿ! ಮಂಗಳವಾರ ಮುಂಜಾನಿ ಬಂದ. ಆ ಕಟ್ಟಿ ಮ್ಯಾಲೇ ಕುಂತು ಚಾ ಕುಡ್ಯಾಕತ್ತಿದ್ದ. ಫೋನ್ ಬಂತು. ನಿಮ್ಮ ಹೆಸರು ನೋಡಿದೆ. ಒಯ್ಯಾಕ ಬರತೇವಿ ಅಂತ ಹೇಳಾಕ ಮಾಡ್ಯಾರ ಅಂತ ತಿಳಕೊಂಡು ಫೋನು ದನದ ಹೊಟ್ಟಿನ ಬುಟ್ಟ್ಯಾಗ ತುರುಕಿದೆ. ಅಲ್ಲೇ ಹೊಡಕೋತ ಇತ್ತು. ಮಡಿವಾಳೆಪ್ಪ ಇನ್ನಾ ಚಾ ಮುಗಿಸಿದ್ದಿಲ್ಲ ಬಾಯಾರ. ಇನ್ನಾ ಎದ್ದಿದ್ದಿಲ್ಲ.

ಹೋರಿ ಅಲ್ಲಂದ್ರ ಯಾರು ಒಯ್ಯತಾರ? ಎತ್ತಾದ್ರ ಮನ್ಯಾಗರ ಉಳೀತೈತಿ ಅಂದ್ಕೊಂಡೆ. ಅದರ ಮ್ಯಾಲ ಜೀವ ಐತಿ, ಅದಕ್ಕ ಮಾಡಿದೆ ಅಂತ ಸುಂದರವ್ವಗ ಹೇಳಿದೆ. ಆಕಿ ಒಂದ ಮಾತ ಅಂದ್ಲು, ಅದ ಕಡೀಮಾತು. 'ಜೀವ ಅದರ ಮ್ಯಾಲಲ್ಲ, ನಿನ್ನ ಹೆಸರಿನ ಮ್ಯಾಲ' ಅಂದ್ಲು.

ಖರೇ ಐತಿ. ರಾಮದುರ್ಗದಾಗ ಮಂದಿ ಬಸ್ಸಿಳದು 'ಹೋರಿ ಅಂದಾನೆಪ್ಪಾರ ಮನಿ ಎಲ್ಲಿ' ಅಂತ ಕೇಳೂದು ನನಗ ಆಗಲಿಲ್ಲ. ಸರ್ಜಾ ಬ್ಯಾರೆ ಗ್ವಾದಲ್ಯಾಗ ಹೋರಿ ಆಗಿ ಇರೂಕಿಂತ ನನ್ನ ಗ್ವಾದಲ್ಯಾಗ ಏನೂ ಆಗದ ಇರ್ಲಿ ಅಂದ್ಕೊಂಡೆ. ಮೂಗದಾಣಿ ನಾನ ಹಿಡದಿದ್ದೆ. ಬ್ಯಾರೆ ಯಾರ ಹಿಡದ್ರೂ ನಿಂದರತಿದ್ದಿಲ್ಲ ಅದು. ನಾ ಹಿಡದೇನಿ ಅಂತ ನಂಬಿ ನಿಂತಿತ್ತು.

ಏನರ ಮದ್ದು ಐತೇನ್ರಿ? …ಇಲ್ಲ. ಗೊತ್ತೈತಿ. ದೊಡ್ಡ ಸಾಲಿ ಕಲತವ್ರು ನೀವು, ಅದಕ್ಕ ಕೇಳಿದೆ.

ನೋಡ್ರಿ, ಇನ್ನಾ ಹೆಂಗ ಜಗ್ಗತೈತಿ. ಅದಕ್ಕ ಗೊತ್ತ ಇಲ್ರಿ. ತಾನಿನ್ನಾ ಹೋರಿ ಅಂತ ತಿಳಕೊಂಡೈತಿ.

ಶಂಕ್ರೆಪ್ಪ ಕರ್ಯಾಕತ್ತಾನ. ಬಾಯಾರ, ಆತಗ ನೀವ ಹೇಳ್ರಿ. ಕಾಲು ನೋಯ್ತೈತಿ ಅಂತ ಹೇಳ್ರಿ, ಡಾಕ್ಟರು ಹೇಳಿದ್ರ ನಂಬತಾನ. …ಇಲ್ಲ?

ಆತು. ಆತು, ನಾನ ಹೋಗತೇನಿ.

ಬಂದೆ ಶಂಕ್ರೆಪ್ಪಾ, ಬಂದೆ. ಆಕಳಾ ಹೊಳ್ಳಿ ಹೊಡಕೊಂಡ ಹೋಗಪಾ… ಏನು? ನಾಳೆ ಬರ್ಲೇನಂತಿ? ನಾಳೆ ಬ್ಯಾಡ. ನಾಡದೂ ಬ್ಯಾಡ. ನಮ್ಮ ಮನ್ಯಾಗ ಹೋರಿ ಇಲ್ಲಪಾ.